ನಾಲ್ಕು ಮೀಟರ್ ನೀರಿನ ಸ್ನ್ಯಾಪರ್

ನ್ಯೂಜಿಲೆಂಡಿನ ಆಕ್ಲೆಂಡಿನ ದಂಡೆಯಲ್ಲಿ ಹೊಸದಾಗಿ ಗಾಳ ಹಿಡಿದವರನ್ನು ಗಮನಿಸಿ. ಅಂಗಡಿಯಲ್ಲಿ ಸಿಕ್ಕ ಅತಿ ಭಾರದ ಸೀಸ ಕಟ್ಟಿರುತ್ತಾರೆ. ಹಿಂದಕ್ಕೆ ಬಾಗಿ, ತೋಳಿನ ಬಲವನ್ನೆಲ್ಲ ಹಾಕಿ ಬೀಸುತ್ತಾರೆ. ಎಪ್ಪತ್ತು ಎಂಬತ್ತು ಮೀಟರ್ ಆಚೆ ಸೀಸ ದೊಪ್ಪನೆ ಬೀಳುತ್ತದೆ. ದೊಡ್ಡ ಮೀನು ದೂರದಲ್ಲೇ ಇರಬೇಕು ಎಂಬ ಲೆಕ್ಕ. ಊರಿನ ಮುಂದಿನ ಹೌರಾಕಿ ಕೊಲ್ಲಿಯ ಸ್ನ್ಯಾಪರ್ ಮೀನಿನ ಮಟ್ಟಿಗೆ ಈ ಲೆಕ್ಕ ತಪ್ಪು. ನಸುಕಿನಲ್ಲಿ ಅದು ಮೇಯುವುದು ಬಂಡೆಯ ಬುಡದಲ್ಲಿ, ನೊರೆ ಏಳುವ ಮೂರು ನಾಲ್ಕು ಮೀಟರ್ ನೀರಿನಲ್ಲಿ, ನೀವು ನಿಂತಲ್ಲಿಂದ ಹತ್ತು ಹದಿನೈದು ಮೀಟರ್ ಒಳಗೆ. ಬೀಸಿದ ಸೀಸ ಅದರ ತಲೆಯ ಮೇಲಿಂದ ಹಾರಿಹೋಗಿರುತ್ತದೆ.

ನಂಬಿಕೆ ಬರದಿದ್ದರೆ ಲೀ ಊರಿನ ಹತ್ತಿರದ ಗೋಟ್ ಐಲ್ಯಾಂಡಿಗೆ ಹೋಗಿ ನೋಡಿ. 1975ರಲ್ಲಿ ಆದ, ನ್ಯೂಜಿಲೆಂಡಿನ ಮೊದಲ ಸಾಗರ ಮೀಸಲು ಪ್ರದೇಶ ಅದು. ಗಾಳ ಹಾಕುವಂತಿಲ್ಲ. ಸೊಂಟದ ನೀರಿಗೆ ಇಳಿದರೆ ಸಾಕು, ಅರ್ಧ ಮೀಟರ್ ಉದ್ದದ ಸ್ನ್ಯಾಪರ್ ಕಾಲ ಬಳಿ ಸುಳಿಯುತ್ತದೆ. ಆಳವಿಲ್ಲದ ನೀರಿನ ಬಗ್ಗೆ ಈ ಮೀನಿಗೆ ತಕರಾರಿಲ್ಲ. ತಕರಾರು ಇರುವುದು ಸದ್ದಿನ ಬಗ್ಗೆ, ನೆರಳಿನ ಬಗ್ಗೆ, ನೆತ್ತಿ ಬಿಸಿಲಿನ ಬಗ್ಗೆ. ಹೆದರಿಸುವವರಿಲ್ಲದ ಜಾಗದಲ್ಲಿ ನಡುಹಗಲಲ್ಲೂ ದಡಕ್ಕೆ ಬರುತ್ತದೆ, ಉಳಿದ ಕಡೆ ಬೆಳಕು ಮಂದವಾದ ಮೇಲೆ. ದಡದ ಸ್ನ್ಯಾಪರ್ ಹಿಡಿಯುವ ವಿದ್ಯೆಯೆಲ್ಲ ನಿಂತಿರುವುದು ಇದರ ಮೇಲೆ: ಸೀಸ ಕಡಿಮೆ, ಸದ್ದು ಕಡಿಮೆ, ನೀರಿನಲ್ಲಿ ವಾಸನೆ ಹೆಚ್ಚು.

ಹೆಸರಿನ ಗೊಂದಲವೊಂದನ್ನು ಮೊದಲೇ ಬಿಡಿಸಿಬಿಡೋಣ. ಕರಾವಳಿಯಿಂದ ಬಂದವರು ಸ್ನ್ಯಾಪರ್ ಅಂದ ಕೂಡಲೇ ಕೆಂಬೇರಿ ಎಂದುಕೊಳ್ಳುತ್ತಾರೆ. ಕೆಂಬೇರಿ ಲುಟ್ಜಾನಸ್ ಕುಲದ್ದು, ನಿಜವಾದ ಸ್ನ್ಯಾಪರ್ ಕುಟುಂಬದ್ದು. ಇಲ್ಲಿನದು ಕ್ರೈಸೋಫ್ರಿಸ್ ಔರೇಟಸ್, ಸೀ ಬ್ರೀಮ್‌ಗಳ ಸ್ಪಾರಿಡೇ ಕುಟುಂಬಕ್ಕೆ ಸೇರಿದ್ದು. ಮಾವೋರಿ ಹೆಸರು ತಾಮುರೆ. ಗುಲಾಬಿ ಕೆಂಪು ಮೈ, ಮೇಲೆ ಚುಕ್ಕಿ ಚುಕ್ಕಿಯಾಗಿ ಹೊಳೆಯುವ ನೀಲಿ, ವಯಸ್ಸಾದಂತೆ ಹಣೆಯ ಮೇಲೆ ಉಬ್ಬು. ಬರೀ ವಿಜ್ಞಾನಿಗಳಿಗೆ ಬೇಕಾದ ವ್ಯತ್ಯಾಸವಲ್ಲ ಇದು. ಕೆಂಬೇರಿ ಬೇರಿನ ಸಂದಿಯಲ್ಲಿ ಹೊಂಚು ಹಾಕಿ ಎರಗುವ ಮೀನು. ತಾಮುರೆ ತಿರುಗಾಡಿ ಮೇಯುವ ಮೀನು. ಬಾಯಿಯ ಮುಂದೆ ಕೋರೆಯಂಥ ಹಲ್ಲು, ಹಿಂದೆ ಗೋಲಿಯಂತೆ ದುಂಡಗಿನ ದವಡೆ ಹಲ್ಲುಗಳ ಸಾಲು. ಪಚ್ಚಿಲೆಯ ಜಾತಿಯ ಹಸಿರು ಚಿಪ್ಪಿ, ಏಡಿ, ಕೀನಾ ಎನ್ನುವ ಮುಳ್ಳುಚೆಂಡು ಎಲ್ಲವನ್ನೂ ಆ ಹಲ್ಲು ಪುಡಿಮಾಡುತ್ತದೆ. ಮೂಗಿಗೆ ವಾಸನೆ ಬಡಿದರೆ ದಾರಿ ಹಿಡಿದು ಬರುತ್ತದೆ. ಹಾಗಾಗಿ ನೀವು ಅದರ ಗುಹೆಯನ್ನು ಹುಡುಕಬೇಕಿಲ್ಲ. ಅದು ಬರುವ ದಾರಿಯಲ್ಲಿ ಊಟ ಇಡಬೇಕು.

ಯಾವಾಗ, ಎಲ್ಲಿ

ಅಕ್ಟೋಬರ್ ಕಳೆದು ನೀರು 18 ಡಿಗ್ರಿಯ ಹತ್ತಿರ ಬಂದಂತೆ ಮೀನು ಮೊಟ್ಟೆಯಿಡಲು ಕೊಲ್ಲಿಯೊಳಗೆ ಗುಂಪುಗೂಡುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ಆ ಗುಂಪು ಸ್ವಲ್ಪ ಆಳದ ಬಯಲು ನೆಲದ ಮೇಲಿರುತ್ತದೆ, ದೋಣಿ ಇದ್ದವರಿಗೆ ಸುಗ್ಗಿ. ದಡದವರಿಗೆ ಒಳ್ಳೆಯ ಕಾಲ ಫೆಬ್ರವರಿಯಿಂದ ಮೇ ವರೆಗೆ. ಮೊಟ್ಟೆಯಿಟ್ಟು ಸೊರಗಿದ ಮೀನು ಚಳಿಗಾಲಕ್ಕೆ ಮೊದಲು ಮೈ ತುಂಬಿಕೊಳ್ಳಲು ಬಂಡೆಯಂಚಿಗೆ ಬರುತ್ತದೆ, ನೀರೂ ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಹೆಚ್ಚಿನವು ಆಳಕ್ಕೆ ಸರಿದರೂ ಕೆಲವು ದೊಡ್ಡವು ಕೆಲ್ಪ್ ಪಾಚಿಯ ಕಾಡಿನಲ್ಲೇ ಉಳಿದುಬಿಡುತ್ತವೆ. ಅವುಗಳ ಬಣ್ಣವೇ ಬೇರೆ, ಪಾಚಿಗೆ ಹೊಂದಿಕೊಂಡ ಕಂದುಗೆಂಪು. ಇಲ್ಲಿನವರು ಅವನ್ನು ಕೆಲ್ಪಿ ಎಂದೇ ಕರೆಯುತ್ತಾರೆ. ಜುಲೈ ತಿಂಗಳ ಚಳಿಯಲ್ಲಿ ಬಂಡೆ ಹತ್ತುವ ಮನಸ್ಸುಳ್ಳವರಿಗೆ ಸಿಗುವುದು ಎರಡೇ ಕಚ್ಚು, ಆದರೆ ಕಚ್ಚುವುದು ದೊಡ್ಡದೇ.

ದಿನದ ಹೊತ್ತು ಋತುವಿಗಿಂತ ಮುಖ್ಯ. ಸೂರ್ಯ ಹುಟ್ಟುವ ಮೊದಲಿನ ಒಂದು ಗಂಟೆ, ಹುಟ್ಟಿದ ಮೇಲಿನ ಒಂದು ಗಂಟೆ, ಸಂಜೆಗೂ ಹಾಗೆಯೇ. ಇದರ ಜೊತೆ ಉಬ್ಬರದ ಕೊನೆಯ ಎರಡು ಗಂಟೆ ಕೂಡಿಬಂದರೆ ಅದಕ್ಕಿಂತ ಬೇರೆ ಬೇಕಿಲ್ಲ. ಆಕ್ಲೆಂಡಿನಲ್ಲಿ ಉಬ್ಬರ ಇಳಿತದ ಅಂತರ ಸಣ್ಣದಲ್ಲ, ಹುಣ್ಣಿಮೆ ಅಮಾವಾಸ್ಯೆಯ ಸುತ್ತ 3 ಮೀಟರ್ ದಾಟುತ್ತದೆ. ಇಳಿತದಲ್ಲಿ ಒಣಗಿ ನಿಂತ ಚಿಪ್ಪಿ ಬಂಡೆಯ ಮೇಲೆ ಉಬ್ಬರದಲ್ಲಿ ಆಳೆತ್ತರದ ನೀರು ನಿಲ್ಲುತ್ತದೆ. ಆರು ಗಂಟೆ ಮುಚ್ಚಿದ್ದ ಖಾನಾವಳಿಯ ಬಾಗಿಲು ತೆರೆದ ಹಾಗೆ. ಮೀನು ಆ ನೀರಿನ ಜೊತೆಗೇ ಒಳಗೆ ಬರುತ್ತದೆ.

ಹಾಗಾಗಿ ಜಾಗ ನೋಡಲು ಹೋಗಬೇಕಾದ್ದು ಇಳಿತದಲ್ಲಿ, ರಾಡ್ ಇಲ್ಲದೆ. ನೀರು ಪೂರ್ತಿ ಇಳಿದಾಗ ಬಂಡೆಯ ಮೇಲೆ ನಡೆದು ನೋಡಿ: ಚಿಪ್ಪಿ ದಟ್ಟವಾಗಿ ಕೂತ ಕಡೆ ಯಾವುದು, ಬಂಡೆಗಳ ನಡುವೆ ಮರಳಿನ ಓಣಿ ಎಲ್ಲಿ ಸಾಗುತ್ತದೆ, ಪಾಚಿ ಎಲ್ಲಿ ಮುಗಿಯುತ್ತದೆ. ಮೀನು ಒಳಬರುವುದು ಆ ಓಣಿಯಲ್ಲಿ. ಎರೆ ಬೀಳಬೇಕಾದ್ದು ಓಣಿ ಮತ್ತು ಪಾಚಿ ಸೇರುವ ಅಂಚಿನಲ್ಲಿ. ಫೋನಿನಲ್ಲಿ ನಾಲ್ಕು ಫೋಟೊ ತೆಗೆದಿಟ್ಟುಕೊಳ್ಳಿ, ಕತ್ತಲಲ್ಲಿ ನೀರು ತುಂಬಿದ ಮೇಲೆ ಎಲ್ಲ ಜಾಗವೂ ಒಂದೇ ಥರ ಕಾಣುತ್ತದೆ. ಎರಡು ದಿನ ದಡದ ಕಡೆಗೆ ಬೀಸಿದ ಗಾಳಿ ನಿಂತು, ನೀರು ಅಕ್ಕಿ ತೊಳೆದ ನೀರಿನಂತೆ ತುಸು ಮಸುಕಾಗಿದ್ದರೆ ಬಿಡಬೇಡಿ. ಅಲೆಗೆ ಬಂಡೆಯಿಂದ ಚಿಪ್ಪಿ, ಏಡಿ ಕಿತ್ತುಬಂದಿರುತ್ತವೆ, ಮಸುಕು ನೀರಿನಲ್ಲಿ ಮೀನಿಗೂ ಧೈರ್ಯ. ಗಾಜಿನಂತೆ ತಿಳಿಯಾದ ನೀರು, ನೀಲಿ ಆಕಾಶ, ಅಲೆಯಿಲ್ಲದ ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಹೋಗಲು ಚೆಂದ, ಸ್ನ್ಯಾಪರಿಗಲ್ಲ.

ಫಾಂಗಪರವೋವ ಪರ್ಯಾಯದ್ವೀಪದ ಬಂಡೆಗಳು, ವೈಹೇಕೆ ದ್ವೀಪದ ಅಂಚು, ತಾಕಪುನದ ಹಾಸುಬಂಡೆ ಇವೆಲ್ಲ ದಡದಿಂದಲೇ ಸಿಗುವ ಜಾಗಗಳು. ಕಲಿಯುವವರಿಗೆ ಮರೇಸ್ ಬೇ ಅಥವಾ ಮರಾಯಿತೈ ಕಟ್ಟೆ ಸುಲಭ, ಕಾಲ ಕೆಳಗೆ ಗಟ್ಟಿ ಹಲಗೆ ಇರುತ್ತದೆ. ಎಲ್ಲಿ ಹೋದರೂ ಮೀಸಲು ಪ್ರದೇಶಗಳ ನಕ್ಷೆಯನ್ನು ಹೋಗುವ ಮೊದಲು ನೋಡಿ. ಲಾಂಗ್ ಬೇ–ಓಕುರ, ತಾವರನೂಯಿ ಹಳೆಯವು. 2025ರಲ್ಲಿ ಬಂದ ಹೌರಾಕಿ ಕೊಲ್ಲಿಯ ಸಂರಕ್ಷಣಾ ಕಾಯಿದೆ ಹನ್ನೆರಡು ಹೊಸ ಅತಿ ಸಂರಕ್ಷಿತ ಪ್ರದೇಶಗಳನ್ನು ಗುರುತಿಸಿದೆ. ತಿರಿತಿರಿ ಮತಂಗಿ, ನಾಯ್ಸಸ್ ದ್ವೀಪಗಳ ಸುತ್ತಲಿನ, ಹಿಂದೆ ಎಲ್ಲರೂ ಗಾಳ ಹಾಕುತ್ತಿದ್ದ ನೀರು ಈಗ ಅದರಲ್ಲಿ ಸೇರಿದೆ. ಹಳೆಯ ವಿಡಿಯೊ ನೋಡಿ ಅಲ್ಲಿಗೆ ಹೋದರೆ ದಂಡ ಕಟ್ಟಬೇಕಾಗುತ್ತದೆ.

ಗಾಳ ಕಟ್ಟುವುದು

ರಾಡ್ 7ರಿಂದ 8 ಅಡಿಯದು, 6ರಿಂದ 10 ಕಿಲೋ ಎಳೆತ ತಡೆಯುವ ಲೈನಿಗೆಂದು ಮಾಡಿದ್ದು. ರೀಲ್ 4000ದಿಂದ 6000 ಅಳತೆಯ ಸ್ಪಿನ್ನಿಂಗ್ ರೀಲ್. ಮೀನು ಎಳೆದಾಗ ಲೈನ್ ಸಲೀಸಾಗಿ ಬಿಡುವ ಬೈಟ್‌ರನ್ನರ್ ವ್ಯವಸ್ಥೆ ಇದ್ದರೆ ಅನುಕೂಲ. ಬಂಡೆಯ ಮೇಲೆ ನೈಲಾನ್ ಲೈನನ್ನೇ ನಾವು ಒಪ್ಪುವುದು. ಬ್ರೇಡ್ ಎನ್ನುವ ಹೆಣೆದ ಲೈನ್ ತೆಳ್ಳಗೆ, ಗಟ್ಟಿ, ಆದರೆ ಚಿಪ್ಪಿಯಂಚಿಗೆ ಒಮ್ಮೆ ತಾಗಿದರೆ ದಾರದಂತೆ ಕತ್ತರಿಸಿಹೋಗುತ್ತದೆ. 8 ಕಿಲೋ ನೈಲಾನ್ 250 ಮೀಟರ್ ಇದ್ದರೆ ಯಾವ ದೊಡ್ಡ ಮೀನಿಗೂ ಸಾಕು.

ಕೊನೆಯ ಒಂದೂಕಾಲು ಮೀಟರ್ ಟ್ರೇಸ್, 20 ಕಿಲೋದ ಫ್ಲೋರೋಕಾರ್ಬನ್. ಅದನ್ನು ಸ್ವಿವೆಲ್ ಎಂಬ ಸಣ್ಣ ತಿರುಗುವ ಕೊಂಡಿಯ ಮೂಲಕ ಲೈನಿಗೆ ಸೇರಿಸಿ. ಟ್ರೇಸಿಗೆ ಪೋಣಿಸುವ ಕ್ರಮ ಮುಖ್ಯ. ಮೊದಲು ತೂತುಳ್ಳ ದುಂಡು ಸೀಸ. ಆಮೇಲೆ ಒಂದು 6/0 ಅಳತೆಯ ಗಾಳವನ್ನು ಕಣ್ಣಿನ ಮೂಲಕ ಸುಮ್ಮನೆ ಪೋಣಿಸಿ, ಗಂಟು ಹಾಕದೆ ಬಿಡಿ, ಅದು ಜಾರಾಡುತ್ತಿರಲಿ. ಕೊನೆಗೆ ತುದಿಗೆ ಇನ್ನೊಂದು 6/0 ಗಾಳ, ಸ್ನೆಲ್ ಗಂಟಿನಲ್ಲಿ: ಟ್ರೇಸನ್ನು ಕಣ್ಣಿನೊಳಗೆ ತೂರಿಸಿ, ಗಾಳದ ಕಾಂಡಕ್ಕೆ ಒತ್ತಿ ಹಿಡಿದು, ಏಳು ಸುತ್ತು ಒಂದರ ಪಕ್ಕ ಒಂದು ಬರುವಂತೆ ಸುತ್ತಿ, ಉಗುಳು ಹಚ್ಚಿ ಎಳೆಯಿರಿ. ಒದ್ದೆ ಮಾಡದೆ ಎಳೆದರೆ ಉಜ್ಜಿದ ಬಿಸಿಗೆ ಟ್ರೇಸ್ ಸೊರಗುತ್ತದೆ, ದೊಡ್ಡ ಮೀನು ಬಂದ ದಿನ ಅಲ್ಲೇ ತುಂಡಾಗುತ್ತದೆ. ಗಂಟು ಕಟ್ಟಿದ ಮೇಲೆ ಗಾಳವನ್ನು ಯಾವುದಾದರೂ ಕೊಂಡಿಗೆ ಸಿಕ್ಕಿಸಿ, ಕೈಗೆ ಬಟ್ಟೆ ಸುತ್ತಿ, ಜೋರಾಗಿ ಎಳೆದು ನೋಡಿ. ತುಂಡಾಗುವುದಿದ್ದರೆ ಮನೆಯಲ್ಲೇ ಆಗಲಿ.

ಸೀಸ ಎಷ್ಟು? ಗಾಳಿಯಿಲ್ಲದ ದಿನ 3.5ರಿಂದ 7 ಗ್ರಾಂ. ತುಸು ಅಲೆ, ಎದುರು ಗಾಳಿ ಇದ್ದರೆ 14. 28 ಗ್ರಾಂಗಿಂತ ಹೆಚ್ಚು ಬೇಕು ಅನಿಸಿದರೆ ಸೀಸ ಬದಲಿಸಬೇಡಿ, ಜಾಗ ಬದಲಿಸಿ. ಎರೆಯ ತೂಕದಿಂದಲೇ ಬೀಸುವ ದೂರ ಸಿಗುತ್ತದೆ, ಬೇಕಾದ್ದು ಹತ್ತು ಹದಿನೈದು ಮೀಟರ್ ಅಷ್ಟೆ. ಸೀಸ ಕಡಿಮೆ ಇರಬೇಕೆನ್ನಲು ಎರಡು ಕಾರಣ. ಒಂದು, ಸಾಯುತ್ತಿರುವ ಸಣ್ಣ ಮೀನು ನೀರಿನಲ್ಲಿ ತೇಲಾಡುತ್ತ ನಿಧಾನ ಇಳಿಯುತ್ತದೆ. ನಿಮ್ಮ ಎರೆಯೂ ಹಾಗೇ ಇಳಿಯಬೇಕು, ಅರ್ಧಕ್ಕರ್ಧ ಕಚ್ಚು ಬರುವುದು ಈ ಇಳಿಯುವ ಹೊತ್ತಿನಲ್ಲೇ. ಎರಡು, ಭಾರದ ಸೀಸ ನೇರ ಹೋಗಿ ಬಂಡೆಯ ಬಿರುಕಿನಲ್ಲಿ ಕೂರುತ್ತದೆ, ಹಗುರದ್ದು ಅಲೆಯ ಜೊತೆ ಓಲಾಡಿ ಸಿಕ್ಕಿಕೊಳ್ಳದೆ ಉಳಿಯುತ್ತದೆ. ಗಾಳ ಪದೇ ಪದೇ ಬಂಡೆಗೆ ಸಿಕ್ಕುತ್ತಿದೆ ಎನ್ನುವವರು ಮೊದಲು ಮಾಡಬೇಕಾದ್ದು ಸೀಸವನ್ನು ಅರ್ಧಕ್ಕೆ ಇಳಿಸುವುದು.

ಎರೆ

ಎಲ್ಲ ಅಂಗಡಿಯಲ್ಲೂ, ಪೆಟ್ರೋಲ್ ಬಂಕಿನಲ್ಲೂ ಫ್ರೀಜರಿನಲ್ಲಿ ಸಿಗುವುದು ಪಿಲ್ಚರ್ಡ್, ನಮ್ಮ ಬೂತಾಯಿಯ ಹತ್ತಿರದ ನಂಟ. ಎಣ್ಣೆ ಹೆಚ್ಚು, ವಾಸನೆ ಹೆಚ್ಚು, ಮೀನಿಗೆ ಬಲು ಇಷ್ಟ. ದೋಷ ಒಂದೇ, ಮೆತ್ತಗಿನ ಮಾಂಸ. ಪೂರ್ತಿ ಕರಗಿದ ಮೇಲೆ ಗಾಳದಲ್ಲಿ ನಿಲ್ಲುವುದಿಲ್ಲ, ಬೀಸಿದಾಗ ಮೀನು ಒಂದು ಕಡೆ, ಗಾಳ ಒಂದು ಕಡೆ. ಹಾಗಾಗಿ ಪೊಟ್ಟಣವನ್ನು ಐಸ್ ಡಬ್ಬಿಯಲ್ಲೇ ಇಟ್ಟು, ಅರ್ಧ ಕರಗಿದ್ದನ್ನು ಒಂದೊಂದೇ ತೆಗೆಯಿರಿ.

ಇದನ್ನು ಸಿಕ್ಕಿಸುವ ರೀತಿಯನ್ನು ನಿಧಾನವಾಗಿ ಹೇಳುವುದು ಅಗತ್ಯ, ಹೆಚ್ಚಿನವರು ಎಡವುವುದು ಇಲ್ಲೇ. ಬಾಲದ ರೆಕ್ಕೆಯನ್ನು ಕತ್ತರಿಸಿ ತೆಗೆಯಿರಿ. ಅದು ಇದ್ದರೆ ಎರೆ ನೀರಿನಲ್ಲಿ ಗಿರಗಿರ ತಿರುಗಿ ಟ್ರೇಸನ್ನೆಲ್ಲ ಹುರಿಯಾಗಿಸುತ್ತದೆ. ತುದಿಯ ಗಾಳವನ್ನು ಕಿವಿರಿನ ಹಿಂದೆ, ಹೆಗಲ ದಪ್ಪ ಮಾಂಸದಲ್ಲಿ ಚುಚ್ಚಿ, ಮೊನೆ ಪೂರ್ತಿ ಹೊರಗೆ ಕಾಣುವಂತೆ ತಿರುಗಿಸಿ. ಜಾರುವ ಗಾಳವನ್ನು ಬಾಲದ ಬುಡದ ಹತ್ತಿರ ಚುಚ್ಚಿ, ಅದರ ಮೊನೆಯೂ ಹೊರಗೇ ಇರಲಿ. ಈಗ ಟ್ರೇಸಿನಿಂದ ಎರಡು ಕುಣಿಕೆ ಮಾಡಿ ಬಾಲದ ಬುಡಕ್ಕೆ ಹಾಕಿ ಬಿಗಿಯಿರಿ. ಎತ್ತಿ ಹಿಡಿದರೆ ಪಿಲ್ಚರ್ಡ್ ತಲೆ ಕೆಳಗಾಗಿ ನೇರ ನೇತಾಡಬೇಕು, ಸೀಸ ಬಾಲದ ಮೇಲೆ ಬಂದು ಕೂರಬೇಕು. ಬೀಸುವ ಎಳೆತವೆಲ್ಲ ಆ ಎರಡು ಕುಣಿಕೆಯ ಮೇಲೆ ಬೀಳುತ್ತದೆ, ಗಾಳದ ತೂತಿನ ಮೇಲಲ್ಲ. ಅದರಿಂದಲೇ ಎರೆ ಹರಿಯದೆ ಹೋಗಿ ಬೀಳುವುದು. ಮೀನಿಗೆ ಕಾಣದಿರಲಿ ಎಂದು ಮೊನೆಯನ್ನು ಮಾಂಸದೊಳಗೆ ಅಡಗಿಸುವವರಿದ್ದಾರೆ. ಅಡಗಿಸಿದ ಮೊನೆ ಕಚ್ಚಿದ ಮೀನಿಗೂ ತಾಗುವುದಿಲ್ಲ. ಮಂದ ಬೆಳಕಿನಲ್ಲಿ ಹಸಿದ ಸ್ನ್ಯಾಪರ್ ಗಾಳದ ಮೊನೆ ನೋಡಿ ಹಿಂದೆ ಸರಿಯುವುದಿಲ್ಲ.

ಬೀಸಿದ ಎರಡೇ ನಿಮಿಷಕ್ಕೆ ಟಕಟಕ ಎಂದು ಕುಟ್ಟಿ ಎರೆ ಮಾಯವಾಗುತ್ತಿದ್ದರೆ ಅದು ಸ್ಪಾಟಿಯಂಥ ಚಿಲ್ಲರೆ ಮೀನು, ಇಲ್ಲವೆ ಅಂಗೈಯಗಲದ ಸ್ನ್ಯಾಪರ್ ಮರಿ. ಅಲ್ಲಿ ಗಾಳ ಸಣ್ಣದು ಮಾಡಬೇಡಿ, ಎರೆ ಗಟ್ಟಿ ಮಾಡಿ. ಇಲ್ಲಿನವರು ಬೊನಿಟೊ ಎನ್ನುವ ಸ್ಕಿಪ್‌ಜ್ಯಾಕ್ ಟ್ಯೂನಾವನ್ನು ಚರ್ಮ ಸಮೇತ 10 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪಟ್ಟಿಗಳಾಗಿ ಕೊಯ್ದು, ಹಿಂದಿನ ರಾತ್ರಿ ಕಲ್ಲುಪ್ಪು ಬೆರೆಸಿಟ್ಟರೆ ಬೆಳಗ್ಗೆ ಅದು ತೊಗಲಿನಂತಾಗಿರುತ್ತದೆ. ಗಾಳವನ್ನು ಚರ್ಮದ ಕಡೆಯಿಂದ ಚುಚ್ಚಿ ಹೊರತೆಗೆದರೆ ಮರಿಮೀನುಗಳು ಎಷ್ಟು ಕುಟ್ಟಿದರೂ ಕಾಲು ಗಂಟೆ ನಿಲ್ಲುತ್ತದೆ. ಅಲ್ಲೇ ಹಿಡಿದ ಕಹವಾಯ್ ಮೀನಿನ ಪಟ್ಟಿ ಇನ್ನೂ ಒಳ್ಳೆಯದು. ಬೊಂಡಾಸ ಗಟ್ಟಿ, ಆದರೆ ವಾಸನೆ ಕಡಿಮೆ. ಪಿಲ್ಚರ್ಡ್ ತುಂಡಿನ ಜೊತೆ ಸೇರಿಸಿ ಕಟ್ಟಿದರೆ ಎರಡರ ಗುಣವೂ ಬರುತ್ತದೆ.

ಬರ್ಲಿ

ಬರ್ಲಿ ಎಂದರೆ ನೀರಿಗೆ ಬಿಡುವ ವಾಸನೆಯ ಊಟ. ಇದಿಲ್ಲದೆ ದಡದಲ್ಲಿ ಸ್ನ್ಯಾಪರ್ ಹಿಡಿಯುವುದು ಅದೃಷ್ಟದ ಮಾತು. ಮೀನಿನ ತಲೆ, ಕರುಳು ಅರೆದು ಹೆಪ್ಪುಗಟ್ಟಿಸಿದ ಗಡ್ಡೆ ಅಂಗಡಿಯಲ್ಲಿ ಸಿಗುತ್ತದೆ, ಎರಡು ಮೂರು ಕಿಲೋದ್ದು. ಈರುಳ್ಳಿ ತುಂಬುವ ಬಲೆ ಚೀಲಕ್ಕೆ ಹಾಕಿ, ಹಗ್ಗ ಕಟ್ಟಿ, ಅಲೆ ಬಡಿದು ಹಿಂದೆ ಸರಿಯುವ ಕಡೆ ನೀರಿಗೆ ಇಳಿಬಿಡಿ. ಪ್ರತಿ ಅಲೆಗೂ ಚೀಲ ಬಂಡೆಗೆ ಉಜ್ಜಿ ಸ್ವಲ್ಪ ಸ್ವಲ್ಪ ಕರಗುತ್ತದೆ. ನೀರಿನ ಮೇಲೆ ಎಣ್ಣೆಯ ಪಸೆ ಯಾವ ದಿಕ್ಕಿಗೆ ಹೋಗುತ್ತದೆ ನೋಡಿ. ನಿಮ್ಮ ಗಾಳ ಬೀಳಬೇಕಾದ್ದು ಆ ಪಸೆಯೊಳಗೆ. ಪಸೆ ಎಡಕ್ಕೆ ಹರಿಯುತ್ತಿದ್ದು ಗಾಳ ಬಲಕ್ಕೆ ಬಿದ್ದರೆ ಮೀನು ಬಂದರೂ ನಿಮ್ಮ ಎರೆಯನ್ನು ನೋಡುವುದಿಲ್ಲ.

ಗಾಳ ಹಾಕುವ ಅರ್ಧ ಗಂಟೆ ಮೊದಲೇ ಚೀಲ ನೀರಿನಲ್ಲಿರಲಿ. ಕಾಯಲಾರದೆ ಮೊದಲೇ ಬೀಸಿದರೆ ಚಿಲ್ಲರೆ ಮೀನಿಗೆ ಎರೆ ತಿನ್ನಿಸಿದಂತೆ. ಜೊತೆಗೆ ಪಿಲ್ಚರ್ಡನ್ನು ಹೆಬ್ಬೆರಳ ಉಗುರಿನಷ್ಟು ಸಣ್ಣಗೆ ಹೆಚ್ಚಿ, ಎರಡು ಮೂರು ನಿಮಿಷಕ್ಕೊಮ್ಮೆ ನಾಲ್ಕೈದು ಚೂರು ಎಸೆಯುತ್ತಿರಿ. ಅಷ್ಟೇ ಸಾಕು. ಹಿಡಿ ಹಿಡಿಯಾಗಿ ಸುರಿದರೆ ಹೊಟ್ಟೆ ತುಂಬಿದ ಮೀನು ಹೊಳೆಯುವ ಗಾಳದ ಗೊಡವೆಗೆ ಬರುವುದಿಲ್ಲ. ಚೀಲ ಖಾಲಿಯಾಗುವುದಕ್ಕೂ ಬಿಡಬಾರದು. ಜಾಡು ಹತ್ತು ನಿಮಿಷ ಕಡಿದರೂ ಬಂದ ಮೀನು ಚದುರುತ್ತದೆ, ಮತ್ತೆ ಸೇರಿಸಲು ಇನ್ನರ್ಧ ಗಂಟೆ ಬೇಕು. ಎರಡು ಚೀಲ ಒಯ್ಯಿರಿ.

ಕಚ್ಚು ಮತ್ತು ಎಳೆತ

ಎರೆ ಬಿದ್ದ ಮೇಲೆ ಲೈನ್ ಬಿಗಿ ಮಾಡಬೇಡಿ. ರೀಲಿನ ಲೈನ್ ತಡೆಯುವ ಕಂಬಿಯನ್ನು ತೆರೆದಿಟ್ಟು ಲೈನನ್ನು ತೋರುಬೆರಳ ಮೇಲೆ ಹಗುರವಾಗಿ ಹಿಡಿದು ನಿಲ್ಲಿ. ಮರಿಗಳ ಕುಟುಕು ಬೆರಳಿಗೆ ಚಟಪಟ ಎಂದು ತಿಳಿಯುತ್ತದೆ. ದೊಡ್ಡದು ಬಂದಾಗ ಒಂದು ವಿಚಿತ್ರ ನಡೆಯುತ್ತದೆ: ಚಟಪಟ ಒಮ್ಮೆಲೇ ನಿಂತುಹೋಗುತ್ತದೆ. ಸಣ್ಣವು ಜಾಗ ಬಿಟ್ಟುಕೊಟ್ಟಿವೆ ಎಂದರ್ಥ. ಆಗ ಎಚ್ಚರವಾಗಿರಿ. ಲೈನ್ ಬೆರಳ ಮೇಲೆ ತೆವಳಲು ಶುರುವಾಗುತ್ತದೆ, ಮೊದಲು ಮೆಲ್ಲಗೆ, ಆಮೇಲೆ ಒಂದೇ ಸಮನೆ ವೇಗವಾಗಿ. ತೆವಳುವಾಗ ಎಳೆದರೆ ಬಾಯಿಂದ ಎರೆ ಕಿತ್ತುಬರುತ್ತದೆ. ಒಂದೇ ಸಮನೆ ಓಡತೊಡಗಿದಾಗ ಮೂರು ಎಣಿಸಿ, ರೀಲಿನ ಕಂಬಿ ಮುಚ್ಚಿ, ಲೈನ್ ಬಿಗಿಯಾಗುತ್ತಿದ್ದಂತೆ ರಾಡ್ ಎತ್ತಿ. ಮೊನೆ ಒಳಕ್ಕೆ ಬಾಗಿರುವ ಸರ್ಕಲ್ ಹುಕ್ ಎಂಬ ಗಾಳ ಹಾಕಿದ್ದರೆ ಹಾಗೆ ಎತ್ತುವುದೂ ಬೇಡ. ಸುಮ್ಮನೆ ರೀಲ್ ತಿರುಗಿಸುತ್ತ ಹೋಗಿ, ಗಾಳ ತಾನೇ ತುಟಿಯ ಮೂಲೆಗೆ ಬಂದು ಕೂರುತ್ತದೆ. ರಾಡ್ ಝಾಡಿಸುವ ಚಟ ಬಿಡಲಾಗದವರಿಗೆ ಸರ್ಕಲ್ ಹುಕ್ ಹೊಂದುವುದಿಲ್ಲ.

ಡ್ರ್ಯಾಗ್, ಅಂದರೆ ಎಳೆತಕ್ಕೆ ರೀಲ್ ಒಡ್ಡುವ ತಡೆ, ಎಷ್ಟು ಬಿಗಿ ಇರಬೇಕೆಂಬುದನ್ನು ಕೈಯಂದಾಜಿನಲ್ಲಿ ಬಿಡಬೇಡಿ. ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿಗೆ ಲೈನ್ ಕಟ್ಟಿ, ರಾಡ್ ಬಾಗುವಂತೆ ಎಳೆಯಿರಿ. 8 ಕಿಲೋ ಲೈನಿಗೆ ತಕ್ಕಡಿ 2ರಿಂದ 2.5 ಕಿಲೋ ತೋರಿಸುವಾಗ ಲೈನ್ ಬಿಡಲು ಶುರುವಾಗಬೇಕು. ಮೂರು ನಾಲ್ಕು ಮೀಟರ್ ನೀರಿನಲ್ಲಿ ಮೀನಿಗೆ ಕೆಳಗೆ ಹೋಗಲು ಜಾಗವಿಲ್ಲ, ಅದು ಪಕ್ಕಕ್ಕೆ ಓಡುತ್ತದೆ, ಪಾಚಿಯ ಕಡೆಗೆ. ರಾಡ್ ಎತ್ತಿ ಹಿಡಿದು ಲೈನನ್ನು ಬಂಡೆಯಂಚಿನಿಂದ ಮೇಲಿಡಿ. ಪಾಚಿಗೆ ಸಿಕ್ಕಿಕೊಂಡರೆ ಎಳೆದು ತುಂಡರಿಸುವ ಬದಲು ಲೈನ್ ಪೂರ್ತಿ ಸಡಿಲ ಬಿಟ್ಟು ಒಂದೆರಡು ನಿಮಿಷ ಕಾಯಿರಿ. ಎಳೆತ ನಿಂತಿತೆಂದು ಮೀನು ತಾನೇ ಈಜಿ ಹೊರಬರುವುದು ಉಂಟು. ದಡಕ್ಕೆ ತರುವಾಗ ಲೈನ್ ಹಿಡಿದು ಎತ್ತಬೇಡಿ. ಬರುವ ಅಲೆಯ ಜೊತೆ ಮೀನನ್ನು ಬಂಡೆಯ ಮೇಲೆ ತೇಲಿಸಿ ತಂದು, ಅಲೆ ಹಿಂದೆ ಸರಿದ ಕೂಡಲೇ ಉದ್ದ ಹಿಡಿಯ ಬಲೆಯಲ್ಲಿ ಎತ್ತಿಕೊಳ್ಳಿ.

ಆ ಒಂದು ಕ್ಷಣದ ಆಸೆಗೇ ಜನ ನೀರಿಗೆ ಬೀಳುತ್ತಾರೆ. ಬಂಡೆ ಹತ್ತಿದ ಮೇಲೆ ಮೊದಲ ಇಪ್ಪತ್ತು ನಿಮಿಷ ಅಲೆ ನೋಡುವುದೇ ಕೆಲಸ, ದೊಡ್ಡ ಅಲೆಗಳು ಸಾಲಾಗಿ ಬರುವುದು ಎಷ್ಟೋ ಹೊತ್ತಿಗೊಮ್ಮೆ. ಒದ್ದೆಯಾಗಿರುವ ಬಂಡೆಯ ಮೇಲೆ ನಿಲ್ಲಬೇಡಿ. ಲೈಫ್ ಜಾಕೆಟ್ ಮೈಮೇಲಿರಲಿ, ಚೀಲದಲ್ಲಲ್ಲ. ಒಬ್ಬರೇ ಹೋಗಬೇಡಿ. ಪಶ್ಚಿಮ ದಂಡೆಯ ಪಿಹಾ, ಮುರಿವಾಯ್, ಕರೇಕರೆ ಬಂಡೆಗಳು ಕಲಿಯುವವರ ಜಾಗವಲ್ಲವೇ ಅಲ್ಲ. ಟ್ಯಾಸ್ಮನ್ ಸಮುದ್ರದ ಅಲೆ ಅಲ್ಲಿ ತಡೆಯಿಲ್ಲದೆ ಬಡಿಯುತ್ತದೆ, ಗಾಳ ಹಾಕಲು ಹೋಗಿ ಪ್ರಾಣ ಕಳೆದುಕೊಂಡವರಲ್ಲಿ ಹೊರದೇಶಗಳಿಂದ ಬಂದವರು ಹಲವರಿದ್ದಾರೆ. ಬಂಡೆಗಳಿಗೆ ಕಟ್ಟಿರುವ ಏಂಜಲ್ ರಿಂಗ್ ಎಂಬ ತೇಲುಬಳೆ ಎಲ್ಲಿದೆ ಎಂದು ಮೊದಲು ನೋಡಿಟ್ಟುಕೊಳ್ಳಿ. ಯಾರಾದರೂ ಬಿದ್ದರೆ ಅದನ್ನು ಎಸೆದು 111ಕ್ಕೆ ಕರೆ ಮಾಡಿ, ನೀವು ಹಾರಬೇಡಿ.

ಸಣ್ಣ ದೋಣಿಯಿದ್ದರೆ ಕೆಲಸ ಇದೇ, ದಿಕ್ಕು ಮಾತ್ರ ತಿರುವು: ಬಂಡೆಯಿಂದ 25–30 ಮೀಟರ್ ಹೊರಗೆ ನಿಂತು ದಡದ ಕಡೆಗೆ ಬೀಸುವುದು. ಎಂಜಿನನ್ನು ಐವತ್ತು ಮೀಟರ್ ಮೊದಲೇ ಆರಿಸಿ. ಲಂಗರನ್ನು ಎಸೆಯದೆ ಕೈಯಿಂದ ಸದ್ದಿಲ್ಲದೆ ಇಳಿಸಿ, 5 ಮೀಟರ್ ನೀರಿಗೆ 20ರಿಂದ 25 ಮೀಟರ್ ಹಗ್ಗ ಬಿಡಿ. ಹರಿವು ಬಂಡೆಯ ಕಡೆಗೆ ಹೋಗುವಂತೆ ನಿಂತರೆ ಬರ್ಲಿ ತಾನೇ ಅಲ್ಲಿಗೆ ತಲುಪುತ್ತದೆ. ಗಾಳಿ ಒಂದು ಕಡೆ, ನೀರು ಇನ್ನೊಂದು ಕಡೆ ಎಳೆಯುವ ದಿನ ದೋಣಿ ಉಯ್ಯಾಲೆಯಾಡಿ ಜಾಡು ಚೆಲ್ಲಾಪಿಲ್ಲಿಯಾಗುತ್ತದೆ, ಅಂಥ ದಿನ ದಡವೇ ವಾಸಿ. ಐಸ್ ಡಬ್ಬಿಯ ಮುಚ್ಚಳ ಧಡಾರನೆ ಹಾಕುವುದು, ಸೀಸ ದೋಣಿಯ ತಳಕ್ಕೆ ಬೀಳಿಸುವುದು ಮೀನಿಗೆ ನಗಾರಿ ಬಾರಿಸಿದಂತೆ. ಲಂಗರು ಎತ್ತಿದ ಮೇಲೆ ಸರಪಳಿಯಲ್ಲಿ ಪಾಚಿ ಇದೆಯೇ ನೋಡಿ. 2021ರಲ್ಲಿ ಗ್ರೇಟ್ ಬ್ಯಾರಿಯರ್ ದ್ವೀಪದಲ್ಲಿ ಕಂಡ ಕೌಲರ್ಪ ಎಂಬ ಪರಕೀಯ ಪಾಚಿ ಒಂದು ಎಳೆಯಿಂದಲೂ ಹೊಸ ಜಾಗದಲ್ಲಿ ಬೇರೂರುತ್ತದೆ, ಕೆಲವು ಕೊಲ್ಲಿಗಳಲ್ಲಿ ಅದರಿಂದಾಗಿಯೇ ಲಂಗರು ಹಾಕುವುದಕ್ಕೆ ನಿರ್ಬಂಧವಿದೆ.

ಇಟ್ಟುಕೊಳ್ಳುವುದು, ಬಿಡುವುದು

ಸಮುದ್ರದಲ್ಲಿ ಗಾಳ ಹಾಕಲು ನ್ಯೂಜಿಲೆಂಡಿನಲ್ಲಿ ಲೈಸೆನ್ಸ್ ಬೇಕಿಲ್ಲ. ಹಾಗೆಂದು ನಿಯಮ ಇಲ್ಲ ಎಂದಲ್ಲ. ಹೌರಾಕಿ ಕೊಲ್ಲಿ ಸೇರಿದ ಪೂರ್ವ ದಂಡೆಯಲ್ಲಿ ಒಬ್ಬರಿಗೆ ದಿನಕ್ಕೆ ಏಳು ಸ್ನ್ಯಾಪರ್, ಒಂದೊಂದೂ ಕನಿಷ್ಠ 30 ಸೆಂ.ಮೀ. ಪಶ್ಚಿಮ ದಂಡೆಯಲ್ಲಿ, ಮನುಕಾವ್ ಬಂದರಿನ ಕಾರ್ನ್‌ವಾಲಿಸ್ ಕಟ್ಟೆಯಲ್ಲೂ, ಹತ್ತು ಮೀನು, 27 ಸೆಂ.ಮೀ. ಅಳೆಯುವುದು ಮೂಗಿನ ತುದಿಯಿಂದ ಬಾಲದ ಕವಲಿನ ನಡುವಿನವರೆಗೆ, ಬಾಲದ ತುದಿಯವರೆಗಲ್ಲ. ಅಳತೆಪಟ್ಟಿ ಸುರುಳಿಯದು ಬೇಡ, ಚಪ್ಪಟೆ ಹಲಗೆಯ ಮೇಲೆ ಗುರುತು ಹಾಕಿದ್ದು ಇರಲಿ, ಮೀನಿನ ಹೊಟ್ಟೆಯ ಉಬ್ಬಿನ ಮೇಲೆ ಪಟ್ಟಿ ಇಟ್ಟರೆ ಒಂದು ಸೆಂಟಿಮೀಟರ್ ಸುಳ್ಳು ಬರುತ್ತದೆ. ಗಾಳ ಹಾಕದೆ ಜೊತೆಗೆ ಬಂದು ಕೂತವರ ಲೆಕ್ಕದಲ್ಲಿ ಮೀನು ಇಡುವಂತಿಲ್ಲ. ಹಿಡಿದದ್ದನ್ನು ಮಾರುವಂತಿಲ್ಲ, ಅಳೆಯಲಾಗದಂತೆ ದಡ ಸೇರುವ ಮೊದಲೇ ತುಂಡು ಮಾಡಿ ತರುವಂತಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಮೀನುಗಾರಿಕೆ ಇಲಾಖೆಯ ಉಚಿತ ಆ್ಯಪಿನಲ್ಲಿ ಹೊರಡುವ ಮೊದಲು ನೋಡಿ.

30 ಸೆಂ.ಮೀ. ಆಗಲು ಸ್ನ್ಯಾಪರಿಗೆ ಸುಮಾರು ಐದು ವರ್ಷ ಬೇಕು. ಅರವತ್ತು ವರ್ಷ ಬದುಕಬಲ್ಲ ಮೀನು ಅದು. 9 ಕಿಲೋದ್ದು ಸಿಕ್ಕರೆ ಅದಕ್ಕೆ ಮೂವತ್ತು ನಲವತ್ತು ವರ್ಷವಾಗಿರಬಹುದು. ಅಂಥದ್ದನ್ನು ಬಿಡಿ ಎಂದು ನಾವು ಕೈಮುಗಿದು ಕೇಳುತ್ತೇವೆ. ಕಾನೂನು ಹೇಳುವುದಿಲ್ಲ, ಆದರೆ ಅದರ ಮಾಂಸ ದಪ್ಪ ನಾರು, ರುಚಿಯೂ ಕಡಿಮೆ. ಸಾರಿಗೂ ಹುರಿಯಲೂ 35ರಿಂದ 45 ಸೆಂ.ಮೀ.ನದೇ ಚೆಂದ. ಬಿಡುವುದಾದರೆ ಒದ್ದೆ ಕೈಯಲ್ಲಿ ಹಿಡಿಯಿರಿ, ಒಣ ಕೈ, ಒಣ ಬಟ್ಟೆ ಮೈಯ ಲೋಳೆ ಕಿತ್ತು ಸೋಂಕಿಗೆ ದಾರಿ ಮಾಡುತ್ತದೆ. ಗಾಳ ಗಂಟಲಿಗೆ ಇಳಿದಿದ್ದರೆ ಕೀಳಲು ಹೋಗಬೇಡಿ, ಟ್ರೇಸನ್ನು ಬಾಯಿಯ ಹತ್ತಿರ ಕತ್ತರಿಸಿ ಬಿಡಿ. ಆಳದಿಂದ ಎಳೆದ ಮೀನಿನಂತೆ ಒಳಗಿನ ಗಾಳಿಚೀಲ ಉಬ್ಬಿ ಒದ್ದಾಡುವ ತೊಂದರೆ ಇಷ್ಟು ಕಡಿಮೆ ನೀರಿನಲ್ಲಿಲ್ಲ. ಇಲ್ಲಿ ಮರಿಗಳು ಸಾಯುವುದು ಹೆಚ್ಚಾಗಿ ನುಂಗಿದ ಗಾಳದಿಂದ. ಮರಿಗಳೇ ಹೆಚ್ಚು ಬರುವ ಜಾಗದಲ್ಲಿ ಸರ್ಕಲ್ ಹುಕ್ ಕಟ್ಟಿ, ಇಲ್ಲವೆ ಜಾಗ ಬಿಡಿ.

ಇಟ್ಟುಕೊಳ್ಳುವ ಮೀನನ್ನು ಬಕೆಟ್ಟಿನಲ್ಲಿ ಒದ್ದಾಡಲು ಬಿಡುವುದು ಅನ್ಯಾಯ, ಮಾಂಸಕ್ಕೂ ಕೇಡು. ಕಣ್ಣಿನ ಹಿಂದೆ, ತುಸು ಮೇಲೆ, ಚೂಪಾದ ಮೊಳೆಯಿಂದ ಮಿದುಳಿಗೆ ಒಮ್ಮೆ ಚುಚ್ಚಿದರೆ ಮೈ ನಡುಗಿ, ರೆಕ್ಕೆ ಅಗಲವಾಗಿ, ಕ್ಷಣದಲ್ಲಿ ಮುಗಿಯುತ್ತದೆ. ಜಪಾನಿನ ಇಕೆ ಜಿಮೆ ಎಂಬ ವಿಧಾನ ಇದು. ಆಮೇಲೆ ಕಿವಿರಿನ ಕೆಳಗೆ ಕೊಯ್ದು ರಕ್ತ ಬಸಿದು, ಎರಡು ಪಾಲು ಐಸ್, ಒಂದು ಪಾಲು ಸಮುದ್ರದ ನೀರು ಕಲಸಿದ ಡಬ್ಬಿಗೆ ಹಾಕಿ. ಬರೀ ಐಸಿನ ಮೇಲಿಟ್ಟರೆ ತಾಗಿದ ಕಡೆ ಮಾತ್ರ ತಣ್ಣಗಾಗುತ್ತದೆ, ಕಲಸಿದ್ದು ಮೀನಿನ ಸುತ್ತ ಎಲ್ಲ ಕಡೆ ತಾಗುತ್ತದೆ. ತಲೆ ಎಸೆಯಬೇಡಿ, ಕೆನ್ನೆಯ ಮಾಂಸದಷ್ಟು ಸಿಹಿ ಬೇರೆ ಭಾಗದಲ್ಲಿಲ್ಲ. ನಿಮಗೆ ಬೇಡವಾದರೆ ಮಾವೋರಿ, ಸಮೋವಾ, ಟೊಂಗಾ ಮನೆಗಳಲ್ಲಿ ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

2022ರಲ್ಲಿ ಈ ಕೊಲ್ಲಿಯ ಅನೇಕ ಸ್ನ್ಯಾಪರ್‌ಗಳ ಮಾಂಸ ಪಾರದರ್ಶಕವಾಗಿರದೆ ಹಾಲಿನಂತೆ ಬಿಳಿಯಾಗಿ ಮೆತ್ತಗೆ ಕಂಡಿತ್ತು. ಪರೀಕ್ಷೆ ಮಾಡಿದವರು ಕಂಡುಕೊಂಡದ್ದು ಹಸಿವು: ಬಹುಕಾಲ ಸಾಕಷ್ಟು ಆಹಾರ ಸಿಗದೆ ಮೀನು ಸೊರಗಿತ್ತು. ಹಾಗಾಗಿ ಮೀನು ಸೀಳಿದಾಗ ಮಾಂಸದ ಬಣ್ಣ ನೋಡಿ, ಜೊತೆಗೆ ಹೊಟ್ಟೆಯ ಚೀಲವನ್ನೂ ಒಂದು ತಟ್ಟೆಯ ಮೇಲೆ ಬಿಚ್ಚಿ ನೋಡಿ. ಮುಳ್ಳಿನ ಚೂರು ಇದ್ದರೆ ಅದು ಕೀನಾ ಮೇಯುತ್ತಿತ್ತು, ಬಂಡೆಯ ಮೇಲ್ಭಾಗದಲ್ಲಿ. ಕೆಂಪು ಕಾಲಿನ ತುಂಡುಗಳಿದ್ದರೆ ಏಡಿ, ಪಾಚಿಯ ಬುಡದಲ್ಲಿ. ನಯವಾದ ಬಿಳಿ ಚಿಪ್ಪಿನ ಚೂರಿದ್ದರೆ ಅದು ಮರಳಿನ ಓಣಿಯಿಂದ ಬಂದದ್ದು. ಮುಂದಿನ ಉಬ್ಬರಕ್ಕೆ ಎರೆ ಎಲ್ಲಿ ಬೀಳಬೇಕು ಎಂಬುದು ಆ ತಟ್ಟೆಯಲ್ಲಿರುತ್ತದೆ.